ಅಪ್ಪನಾಗುವುದಕ್ಕೂ ಹೊತ್ತು ಬೇಕು

"ಮಗು ಯಾಕೆ ಅಳ್ತಿದೆ ಅಂತ ತಿಳಿಯೋಕೆ ತಾಯಿ ಕರುಳೇ ಬೇಕಪ್ಪ. ಗಂಡಸರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?"

ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದ ನನಗೆ ಹೆಂಡತಿಯ ದೊಡ್ಡಮ್ಮ ಹೇಳಿದ ಮಾತಿದು. ಪ್ರೀತಿಯಿಂದಲೇ ಹೇಳಿದರು, ನಾನೂ ನಂಬಿದೆ. ಮಗಳಿಗೆ ಆಗ ಎಂಟು ದಿನ. ಅವಳು ಅತ್ತಾಗಲೆಲ್ಲ ಎದೆ ಡವಡವ ಅನ್ನುತ್ತಿತ್ತೇ ಹೊರತು ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ.

ಈ ಮಾತು ನಿಜವೇ ಎಂದು ಒರೆಗೆ ಹಚ್ಚಿ ನೋಡಿದವರಿದ್ದಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಫ್ರಾನ್ಸ್ ಮತ್ತು ಕಾಂಗೋದಲ್ಲಿ 29 ಕೂಸುಗಳ ಅಳುವನ್ನು, ಅವುಗಳಿಗೆ ಸ್ನಾನ ಮಾಡಿಸುವಾಗ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಬೇರೆ ಮಕ್ಕಳ ಅಳುವಿನ ಜೊತೆ ಬೆರೆಸಿ ಅಪ್ಪ ಅಮ್ಮಂದಿರಿಗೆ ಕೇಳಿಸಿದರು. ಇದರಲ್ಲಿ ನಿಮ್ಮ ಮಗು ಯಾವುದು ಹೇಳಿ, ಅಷ್ಟೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಮಗುವಿನ ಜೊತೆ ಇರುವ ಅಮ್ಮಂದಿರು ನೂರಕ್ಕೆ 98 ಸಲ ಸರಿಯಾಗಿ ಹೇಳಿದರು. ಅಷ್ಟೇ ಹೊತ್ತು ಇರುವ ಅಪ್ಪಂದಿರು ನೂರಕ್ಕೆ 90 ಸಲ. ಇಷ್ಟು ಸಣ್ಣ ಗುಂಪಿನಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಆದರೆ ನಾಲ್ಕು ಗಂಟೆಗಿಂತ ಕಡಿಮೆ ಇರುವ ಅಪ್ಪಂದಿರು 75ಕ್ಕೇ ನಿಂತರು.

ಕರುಳಿನ ಬಗ್ಗೆ ಕೇಳಿದ ಪ್ರಶ್ನೆಗೆ ಗಡಿಯಾರ ಉತ್ತರ ಕೊಟ್ಟಿತು ನೋಡಿ. ಈ ಒಂದು ವಿಷಯ ನನ್ನನ್ನು ಹಿಡಿದುಕೊಂಡುಬಿಟ್ಟಿದೆ. ಹೆರಿಗೆಯಾದಾಗ ಅಪ್ಪನಿಗೂ ರಜೆ ಬೇಕು ಅಂದರೆ "ಅವನೇನು ಹಾಲು ಕುಡಿಸ್ತಾನಾ?" ಎಂದು ಕೇಳುವವರು ಈಗಲೂ ಇದ್ದಾರೆ. ಹಾಲು ಕುಡಿಸುವುದಿಲ್ಲ, ನಿಜ. ಆದರೆ ಮಗು ಹತ್ತಿರವಿದ್ದಾಗ ಅವನ ಮೈಯೊಳಗೂ ಏನೇನೋ ನಡೆಯುತ್ತದೆ.

ಗಂಡಸರ ಹಾರ್ಮೋನು ಎಂದೇ ಹೆಸರಾದ ಟೆಸ್ಟೋಸ್ಟಿರಾನ್‌ನಿಂದ ಶುರು ಮಾಡೋಣ. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ 624 ಯುವಕರ ಜೊಲ್ಲು ತೆಗೆದು 2005ರಲ್ಲಿ ಒಮ್ಮೆ, 2009ರಲ್ಲಿ ಇನ್ನೊಮ್ಮೆ ಈ ಹಾರ್ಮೋನನ್ನು ಅಳೆದರು. ಲೀ ಗೆಟ್ಲರ್ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ ಇದು. ನಾಲ್ಕು ವರ್ಷದಲ್ಲಿ ಕೆಲವರು ಮದುವೆಯಾಗಿ ಅಪ್ಪಂದಿರಾಗಿದ್ದರು, ಹಲವರು ಇನ್ನೂ ಒಂಟಿ. ಹೊಸ ಅಪ್ಪಂದಿರಲ್ಲಿ ಬೆಳಗಿನ ಟೆಸ್ಟೋಸ್ಟಿರಾನ್ ಸುಮಾರು ಶೇ 26ರಷ್ಟು, ಸಂಜೆಯದು ಶೇ 34ರಷ್ಟು ಇಳಿದಿತ್ತು. ಒಂಟಿಯಾಗಿದ್ದವರಲ್ಲಿ ಇಳಿತ ಅಲ್ಪ. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಮಗುವನ್ನು ನೋಡಿಕೊಳ್ಳುತ್ತಿದ್ದ ಅಪ್ಪಂದಿರಲ್ಲಿ ಅದು, ಆರೈಕೆಗೆ ಕೈಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು.

ಇದನ್ನು ಕೇಳಿ "ಹಾಗಾದ್ರೆ ಮಗು ಎತ್ತಿಕೊಂಡರೆ ಗಂಡಸ್ತನ ಹೋಗುತ್ತಾ?" ಎಂದು ಗಾಬರಿಯಾಗುವವರಿದ್ದಾರೆ. ದಯವಿಟ್ಟು ಬೇಡ. ಮೊದಲನೆಯದಾಗಿ, 2005ರಲ್ಲಿ ಯಾರಲ್ಲಿ ಈ ಹಾರ್ಮೋನು ಹೆಚ್ಚಿತ್ತೋ ಅವರೇ ಮುಂದೆ ಅಪ್ಪಂದಿರಾಗುವ ಸಾಧ್ಯತೆ ಹೆಚ್ಚಿತ್ತು. ಇಳಿದದ್ದು ದುರ್ಬಲರಲ್ಲಲ್ಲ. ಎರಡನೆಯದಾಗಿ, ಟ್ರ್ಯಾಕ್ಟರನ್ನು ನೆನಪಿಸಿಕೊಳ್ಳಿ. ಖಾಲಿ ರಸ್ತೆಯಲ್ಲಿ ಅದು ಮೇಲಿನ ಗೇರಿನಲ್ಲಿ ಓಡುತ್ತದೆ. ಹೊಲಕ್ಕಿಳಿದು ನೇಗಿಲು ಊರಿದ ಮೇಲೆ ಗೇರ್ ಇಳಿಸಲೇಬೇಕು. ಎಂಜಿನ್ ಸೋತಿತು ಅಂತ ಯಾವ ರೈತನೂ ಹೇಳುವುದಿಲ್ಲ. ಅದೇ ಎಂಜಿನ್, ಓಡುವುದನ್ನು ಬಿಟ್ಟು ಎಳೆಯುತ್ತಿದೆ. ಸಂಗಾತಿಯನ್ನು ಹುಡುಕುವುದು, ಪೈಪೋಟಿ ಮಾಡುವುದು ರಸ್ತೆಯ ಓಟ. ಮಗು ಸಾಕುವುದು ಹೊಲದ ಕೆಲಸ.

ಈ ಗೇರ್ ಮಗು ಹುಟ್ಟಿದ ಸುದ್ದಿ ಕೇಳಿದ ಮಾತ್ರಕ್ಕೆ ಬೀಳುವುದಿಲ್ಲ ಅನ್ನುವುದಕ್ಕೆ ಟಾಂಜಾನಿಯಾದಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿದೆ. ಅಲ್ಲಿ ಹಾಡ್ಜಾ ಮತ್ತು ಡಟೋಗಾ ಎಂಬ ಎರಡು ಜನಾಂಗಗಳು ಅಕ್ಕಪಕ್ಕದಲ್ಲೇ ಬದುಕುತ್ತವೆ. ಹಾಡ್ಜಾ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ತಿನ್ನುವವರು. ಅವರಲ್ಲಿ ಅಪ್ಪಂದಿರು ಎಳೆ ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಡಟೋಗಾ ದನ ಕಾಯುವವರು. ಅಲ್ಲಿ ಕೂಸು ಸಾಕುವುದು ಹೆಂಗಸರ ಕೆಲಸ ಎಂಬ ಕಟ್ಟು. ಅಳೆದು ನೋಡಿದಾಗ ಹಾಡ್ಜಾ ಅಪ್ಪಂದಿರ ಟೆಸ್ಟೋಸ್ಟಿರಾನ್ ಮಕ್ಕಳಿಲ್ಲದ ಗಂಡಸರಿಗಿಂತ ಕಡಿಮೆ ಇತ್ತು. ಡಟೋಗಾಗಳಲ್ಲಿ ಅಪ್ಪನಿಗೂ ಅಪ್ಪನಲ್ಲದವನಿಗೂ ವ್ಯತ್ಯಾಸವೇ ಕಾಣಲಿಲ್ಲ. ಇಬ್ಬರಿಗೂ ಮಕ್ಕಳು ಹುಟ್ಟಿವೆ. ಒಬ್ಬರು ಎತ್ತಿಕೊಂಡರು, ಇನ್ನೊಬ್ಬರು ಎತ್ತಿಕೊಳ್ಳಲಿಲ್ಲ.

ನನಗೆ ತುಂಬ ಇಷ್ಟವಾದ ಹೋಲಿಕೆ ಮೊಸರಿನದು. ಹಾಲಿಗೆ ಹೆಪ್ಪು ಹಾಕುತ್ತೇವೆ. ಹಾಲು ಚೆನ್ನಾಗಿದೆ, ಹೆಪ್ಪೂ ಚೆನ್ನಾಗಿದೆ. ಆದರೂ ಬೆಚ್ಚಗಿನ ಜಾಗದಲ್ಲಿ, ಕಲಕದೆ, ರಾತ್ರಿಯಿಡೀ ಬಿಡಬೇಕು. ಗಳಿಗೆಗೊಮ್ಮೆ ಫ್ರಿಜ್ಜಿನಲ್ಲಿಟ್ಟು, ಗಳಿಗೆಗೊಮ್ಮೆ ಹೊರಗೆ ತಂದು ನೋಡುತ್ತಿದ್ದರೆ ಮೊಸರಾಗುವುದಿಲ್ಲ. ಆಗ ಹಾಲಿನ ಜಾತಿಯೇ ಸರಿಯಿಲ್ಲ ಅನ್ನುವುದು ತಪ್ಪು ಅಲ್ವಾ? ತಾಯಿಯ ವಿಷಯದಲ್ಲಿ ಒಂಬತ್ತು ತಿಂಗಳ ಹಾರ್ಮೋನುಗಳು ಮೊದಲೇ ಹೆಪ್ಪು ಹಾಕಿಟ್ಟಿರುತ್ತವೆ. ಅಪ್ಪನ ಪಾತ್ರೆಗೆ ಹೆಪ್ಪು ಬೀಳುವುದು ಬಹುಪಾಲು ಮಗುವನ್ನು ಕೈಗೆತ್ತಿಕೊಂಡ ಮೇಲೆ. ಹಾಗಾಗಿ ಅವನಿಗೇ ಹೊತ್ತು ಜಾಸ್ತಿ ಬೇಕು. ನಾವು ಮಾಡುತ್ತಿರುವುದು ಇದಕ್ಕೆ ತಿರುಗಾಮುರುಗ.

ಇನ್ನೊಂದು ಹಾರ್ಮೋನು ಆಕ್ಸಿಟೋಸಿನ್. ಇದನ್ನು ತಾಯಂದಿರ ಹಾರ್ಮೋನು ಅಂತಲೇ ಬಹಳ ಕಾಲ ತಿಳಿದಿದ್ದರು. ಹೆರಿಗೆಯಲ್ಲಿ ಗರ್ಭಕೋಶ ಹಿಂಡುವುದು, ಎದೆಹಾಲು ಇಳಿಯುವುದು ಇದರಿಂದಲೇ. ಇಸ್ರೇಲಿನ ರೂತ್ ಫೆಲ್ಡ್‌ಮನ್ ಮತ್ತು ತಂಡ 80 ಜೋಡಿಗಳಲ್ಲಿ ಇದನ್ನು ಅಳೆದು 2010ರಲ್ಲಿ ಹೇಳಿದ್ದೇನೆಂದರೆ, ರಕ್ತದಲ್ಲಿ ಅಪ್ಪಂದಿರ ಮಟ್ಟ ಅಮ್ಮಂದಿರದಕ್ಕಿಂತ ಬೇರೆಯಾಗಿರಲಿಲ್ಲ. ಅಮ್ಮಂದಿರಲ್ಲಿ ಅದು ಮುದ್ದಿಸುವುದು, ಸವರುವುದರ ಜೊತೆ ಹೊಂದಿಕೊಂಡಿತ್ತು. ಅಪ್ಪಂದಿರಲ್ಲಿ ಆಟದ ಜೊತೆ: ಕೈಕಾಲು ಆಡಿಸುವುದು, ಗಿಲಕಿ ತೋರಿಸುವುದು, ಮೇಲೆತ್ತಿ ನಗಿಸುವುದು. ಇದು ಹಳ್ಳಿಯ ಕೈಪಂಪಿನ ಹಾಗೆ. ಒಣಗಿದ ಪಂಪಿಗೆ ಮೊದಲು ಒಂದು ಚೊಂಬು ನೀರು ನಾವೇ ಹಾಕಬೇಕು. ಆಮೇಲೆ ಹೊಡೆದಷ್ಟೂ ಬರುತ್ತದೆ. ಮಗು ನಕ್ಕರೆ ಅಪ್ಪ ಆಡಿಸುತ್ತಾನೆ, ಆಡಿಸಿದರೆ ಮಗು ನಗುತ್ತದೆ. ಆ ಮೊದಲ ಚೊಂಬು ಹಾಕುವ ಹೊತ್ತಿಗೆ ಅಪ್ಪ ಆಫೀಸಿನಲ್ಲಿದ್ದರೆ?

ಮಿದುಳಿನ ಕಥೆ ಇನ್ನೂ ಚೆಂದ. ಅದೇ ತಂಡ 2014ರಲ್ಲಿ ಮೂರು ಬಗೆಯ ಪೋಷಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಮಗುವಿನ ಆರೈಕೆಯ ಮುಖ್ಯ ಹೊಣೆ ಹೊತ್ತ ತಾಯಂದಿರು, ಅವರಿಗೆ ಕೈಜೋಡಿಸುವ ಅಪ್ಪಂದಿರು, ಮತ್ತು ಮನೆಯಲ್ಲಿ ಹೆಂಗಸರಿಲ್ಲದೆ ತಾವೇ ಪೂರ್ತಿ ಸಾಕುವ ಸಲಿಂಗಿ ಗಂಡು ಜೋಡಿಗಳು. ತಾಯಂದಿರಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಹೆಚ್ಚು ಚುರುಕಾಗಿತ್ತು. ಅಪಾಯ, ಆತಂಕ, ಎಚ್ಚರ ಇವುಗಳ ಕಾವಲುಗಾರ ಅದು. ಕೈಜೋಡಿಸುವ ಅಪ್ಪಂದಿರಲ್ಲಿ ಇನ್ನೊಬ್ಬರ ಮನಸ್ಸು ಓದುವ, ಕಿವಿಯ ಮೇಲುಭಾಗಕ್ಕಿರುವ ಒಂದು ಮಡಿಕೆ ಚುರುಕಾಗಿತ್ತು. ಪೂರ್ತಿ ಹೊಣೆ ಹೊತ್ತ ಅಪ್ಪಂದಿರಲ್ಲಿ ಎರಡೂ! ಅವರ ಅಮಿಗ್ಡಲಾ ತಾಯಂದಿರದಷ್ಟೇ ಎಚ್ಚರವಾಗಿತ್ತು. ಅಷ್ಟೇ ಅಲ್ಲ, ಅಪ್ಪಂದಿರಲ್ಲಿ ಈ ಎರಡು ಭಾಗಗಳ ನಡುವಿನ ನಂಟು ಅವರು ಮಗುವಿನ ಜೊತೆ ಕಳೆಯುವ ಹೊತ್ತು ಹೆಚ್ಚಿದಷ್ಟೂ ಗಟ್ಟಿಯಾಗಿತ್ತು. ಈ ಗಂಡಸರು ಹೆತ್ತಿಲ್ಲ, ಮೊಲೆಯೂಡಿಸಿಲ್ಲ. ರಾತ್ರಿ ಎದ್ದಿದ್ದಾರೆ, ಅಷ್ಟೆ.

ಇಲ್ಲೊಂದು ಹಳೆಯ ಸಂಗತಿ ಹೇಳಲೇಬೇಕು. ಹೆಂಡತಿ ಹೆತ್ತಾಗ ಗಂಡನೂ ಮಲಗುವ ಪದ್ಧತಿ ಲೋಕದ ಎಷ್ಟೋ ಕಡೆ ಇತ್ತು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1865ರಲ್ಲಿ ಅದಕ್ಕೆ 'ಕೂವಾಡ್' ಎಂಬ ಫ್ರೆಂಚ್ ಹೆಸರನ್ನು ಬಳಕೆಗೆ ತಂದರು. ಆ ಪದದ ಬೇರು ಹಕ್ಕಿ ಮೊಟ್ಟೆಗೆ ಕಾವು ಕೂರುವುದು. ನಮ್ಮ ಪಕ್ಕದಲ್ಲೇ ಇದರ ದಾಖಲೆಯಿದೆ. ಗೋದಾವರಿ ಸೀಮೆಯ ಎರುಕಲ ಜನರಲ್ಲಿ, ಅಂದರೆ ನಮ್ಮ ಕೊರಚ, ಕೊರಮರ ಹತ್ತಿರದ ಬಳಗದಲ್ಲಿ, ಇದನ್ನು 1870ರ ದಶಕದಲ್ಲಿ ಜಾನ್ ಕೇನ್ ಎಂಬ ಪಾದ್ರಿ ಬರೆದಿಟ್ಟಿದ್ದಾರೆ. ಹೆಂಡತಿಗೆ ನೋವು ಕಾಣಿಸಿಕೊಂಡ ಕೂಡಲೇ ಗಂಡ ಅವಳ ಬಟ್ಟೆ ಉಟ್ಟು, ಹಣೆಗೆ ಹೆಂಗಸರ ಬೊಟ್ಟಿಟ್ಟು, ಮಂದ ದೀಪದ ಕೋಣೆಯಲ್ಲಿ ಹೊದ್ದು ಮಲಗುತ್ತಿದ್ದನಂತೆ. ಮಗು ಹುಟ್ಟಿದ ಮೇಲೆ ತೊಳೆದು ಅವನ ಪಕ್ಕದಲ್ಲಿ ಮಲಗಿಸುತ್ತಿದ್ದರು. ಇಂಗು, ಬೆಲ್ಲ ಕೊಡುತ್ತಿದ್ದದ್ದೂ ಅವನಿಗೇ. ಹೆತ್ತವಳಿಗೆ ಬಾಣಂತನ ತಪ್ಪಿದ್ದು ಅನ್ಯಾಯವೇ. ನಾನದನ್ನು ಹೊಗಳುತ್ತಿಲ್ಲ. ಆದರೆ ಹುಟ್ಟಿದ ಗಳಿಗೆಯಿಂದ ಕೂಸನ್ನು ಅಪ್ಪನ ಮೈಗೆ ಒತ್ತಿ ಮಲಗಿಸುವ ಆ ಒಂದು ಅಂಶವನ್ನು ಈಗ ವೈದ್ಯರೇ ಹೇಳುತ್ತಿದ್ದಾರೆ. ತೂಕ ಕಡಿಮೆ ಇರುವ ಶಿಶುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಅದನ್ನು ದೊಡ್ಡ ಮಟ್ಟದಲ್ಲಿ ಜಾರಿಗೆ ತಂದು ಅಧ್ಯಯನ ಮಾಡಿದ್ದಾರೆ. ತಾಯಿ ಸುಸ್ತಾದಾಗ ಅಪ್ಪನ ಎದೆಯೂ ಆಗುತ್ತದೆ. ಅದೂ ಅಷ್ಟೇ ಬೆಚ್ಚಗಿರುತ್ತದೆ.

ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ಎರಡು. ಒಂದು ಕಾನೂನು, ಇನ್ನೊಂದು ತವರುಮನೆ. 2017ರಲ್ಲಿ ತಾಯಂದಿರ ಸಂಬಳಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ತುಂಬ ಒಳ್ಳೆಯ ಕೆಲಸ. ಆದರೆ ಅಪ್ಪನಿಗೆ ಅದರಲ್ಲಿ ಒಂದು ದಿನವೂ ಇಲ್ಲ. ಅದೇ ವರ್ಷ ಸಂಸದ ರಾಜೀವ್ ಸಾತವ್ ಅಪ್ಪಂದಿರಿಗೂ ರಜೆ ಕೊಡುವ ಖಾಸಗಿ ಮಸೂದೆಯೊಂದನ್ನು ತಂದರು, ಅದು ಪಾಸಾಗಲಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಂಪನಿ ಕೊಟ್ಟಷ್ಟು.

ನನಗೆ ಆಗಿನ ಕೆಲಸದಲ್ಲಿ ಸಿಕ್ಕಿದ್ದು ಐದು ದಿನ. ಆಸ್ಪತ್ರೆಯ ಓಡಾಟಕ್ಕೇ ಮುಗಿಯಿತು. ಮಗಳು ತೀರ್ಥಹಳ್ಳಿಯ ತವರಿನಲ್ಲಿ, ನಾನು ಬೆಂಗಳೂರಲ್ಲಿ. ಶುಕ್ರವಾರ ರಾತ್ರಿ ಬಸ್ಸು ಹತ್ತುವುದು, ಭಾನುವಾರ ರಾತ್ರಿ ವಾಪಸ್. ಅಲ್ಲಿ ಹೋದರೆ ನೆಂಟನಂತೆ ಉಪಚಾರ. "ನೀವು ಸುಮ್ನೆ ಕೂತ್ಕೊಳ್ಳಿ" ಎನ್ನುವ ಅತ್ತೆ. ಹೊರಗಿಂದ ಬಂದವನು, ಮೈಲಿಗೆ, ದೃಷ್ಟಿ ಎಂದು ಕೂಸನ್ನು ಕೈಗೆ ಕೊಡಲು ಹಿಂಜರಿಕೆ. ಕೈ ತೊಳೆದುಕೊಂಡು ಬಾ ಅನ್ನುವುದು ಸರಿ. ಸೋಂಕಿನ ಭಯ ನಿಜವಾದದ್ದು. ಆದರೆ ತೊಳೆದ ಕೈಗೂ ಮಗುವನ್ನು ಕೊಡದಿರುವುದಕ್ಕೆ ಯಾವ ಆಧಾರವೂ ಇಲ್ಲ. ಬಾಣಂತನ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹೆತ್ತವಳಿಗೆ ತಾಯಿಮನೆಯ ಎಣ್ಣೆನೀರು, ನಿದ್ದೆ, ಬಿಸಿ ಊಟ ದೊಡ್ಡ ಆಸರೆ. ಆ ಮನೆಯಲ್ಲಿ ಅಪ್ಪನಿಗೂ ಒಂದು ಚಾಪೆ ಹಾಸಬೇಕು ಅನ್ನುತ್ತಿದ್ದೇನೆ. ಹೆರಿಗೆಯಾದ ಮನೆಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೂ ಖಿನ್ನತೆ ಕಾಡುತ್ತದೆ ಎಂದು 2010ರ ಒಂದು ದೊಡ್ಡ ವಿಮರ್ಶೆ ಲೆಕ್ಕ ಹಾಕಿದೆ. ದೂರದೂರಿನ ಖಾಲಿ ಮನೆಯಲ್ಲಿ ಒಬ್ಬನೇ ಇರುವವನನ್ನು ಯಾರು ಗಮನಿಸುತ್ತಾರೆ?

ರಜೆ ಕೊಟ್ಟರೂ ಗಂಡಸರು ತಗೊಳ್ಳಲ್ಲ ಎನ್ನುವವರಿಗೆ ನಾರ್ವೆಯ ಲೆಕ್ಕ ತೋರಿಸುತ್ತೇನೆ. 1993ರಲ್ಲಿ ಅಲ್ಲಿ ನಾಲ್ಕು ವಾರವನ್ನು ಅಪ್ಪನಿಗೇ ಮೀಸಲಿಟ್ಟರು. ಅವನು ತಗೊಳ್ಳದಿದ್ದರೆ ಆ ವಾರಗಳು ಹೋದ ಹಾಗೆ. ಅದುವರೆಗೆ ರಜೆ ಹಾಕುತ್ತಿದ್ದ ಅಪ್ಪಂದಿರು ಶೇ 3. ಕಾನೂನು ಬಂದ ತಕ್ಷಣ ಶೇ 35. 2006ರ ಹೊತ್ತಿಗೆ ಶೇ 70. ಇದು ಹೇಗೆ ಹಬ್ಬಿತು ಎಂದು ಅರ್ಥಶಾಸ್ತ್ರಜ್ಞರು ಕೆದಕಿ ನೋಡಿದರು. ಒಬ್ಬ ಸಹೋದ್ಯೋಗಿ ರಜೆ ಹಾಕಿದರೆ, ಅದೇ ಆಫೀಸಿನ ಮುಂದಿನ ಅಪ್ಪ ರಜೆ ಹಾಕುವ ಸಾಧ್ಯತೆ 11 ಶೇಕಡಾ ಅಂಶ ಏರುತ್ತಿತ್ತು. ಅಣ್ಣತಮ್ಮಂದಿರಲ್ಲಿ 15. ಮ್ಯಾನೇಜರೇ ರಜೆ ಹಾಕಿದರೆ ಆಗುವ ಪರಿಣಾಮ ಸಾಮಾನ್ಯ ಸಹೋದ್ಯೋಗಿ ಹಾಕಿದಾಗಿನದರ ಎರಡೂವರೆ ಪಟ್ಟು. ಬಾಸ್ ವಾಪಸ್ ಬಂದ, ಅವನ ಕುರ್ಚಿ ಹೋಗಲಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಉಳಿದವರ ಭಯ ಹೋಗುತ್ತದೆ. ಜಪಾನಿನಲ್ಲೂ ಒಂದು ವರ್ಷದವರೆಗೆ ರಜೆ ಹಾಕಲು ಕಾನೂನಿತ್ತು. ಆದರೆ 2012ರಲ್ಲಿ ಹಾಕಿದವರು ಶೇ 1.89 ಮಾತ್ರ. ಕಂಪನಿಗಳೇ ನೌಕರನನ್ನು ಕರೆದು ವಿಚಾರಿಸಬೇಕು ಎಂಬಂಥ ಬದಲಾವಣೆಗಳು ಬಂದ ಮೇಲೆ, 2023ರಲ್ಲಿ ಅದು ಶೇ 30 ದಾಟಿತು.

ನನ್ನ ಮಗಳು ಮೂರು ತಿಂಗಳಿಗೆ ಬೆಂಗಳೂರಿಗೆ ಬಂದಳು. ಮೊದಲ ವಾರ ನನ್ನ ಕೈಗೆ ಬಂದರೆ ಕಿರುಚುತ್ತಿದ್ದಳು. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ನಾನು ನೋಡಿಕೊಳ್ಳುತ್ತೇನೆ ಎಂದು ಹೆಂಡತಿಯ ಜೊತೆ ಮಾತಾಡಿಕೊಂಡೆ. ಹಾಲಿಗೆ ಮಾತ್ರ ಅವಳನ್ನು ಎಬ್ಬಿಸುವುದು. ಎರಡು ವಾರ ಕಳೆಯುವಷ್ಟರಲ್ಲಿ ಹಸಿವಿನ ಅಳು, ನಿದ್ದೆಗೆ ಹಟ ಮಾಡುವ ಅಳು, ಹೊಟ್ಟೆ ಉಬ್ಬರದ ಅಳು ಬೇರೆ ಬೇರೆ ಕೇಳಿಸತೊಡಗಿದವು. ಆಗ ಕಾರಣ ಗೊತ್ತಿರಲಿಲ್ಲ. ಈಗ ಲೆಕ್ಕ ಹಾಕಿದರೆ ದಿನಕ್ಕೆ ಸರಿಯಾಗಿ ನಾಲ್ಕು ಗಂಟೆ!

ಈಗ ನಾನಿರುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ. ಕಳೆದ ತಿಂಗಳು ನಮ್ಮ ಸೆಕ್ಷನ್ನಿನ ಹುಡುಗ ಬಂದು, "ಸರ್, ಹೆಂಡತಿ ತವರಿಗೆ ಹೋಗಿದ್ದಾಳೆ. 15 ದಿನ ಹೆರಿಗೆ ಹೊತ್ತಿಗೇ ಹಾಕಿಬಿಡ್ಲಾ?" ಎಂದು ಕೇಳಿದ. ನಿಯಮ ತೆಗೆದು ತೋರಿಸಿದೆ. ಹೆರಿಗೆಗೆ 15 ದಿನ ಮುಂಚಿನಿಂದ, ಹೆರಿಗೆಯಾಗಿ ಆರು ತಿಂಗಳೊಳಗೆ ಯಾವಾಗ ಬೇಕಾದರೂ ಹಾಕಬಹುದು. ದಾಟಿದರೆ ಹೋಯಿತು. ಹೆರಿಗೆಯ ವಾರಕ್ಕೆ ಗಳಿಕೆ ರಜೆ ಹಾಕು, ಹೆಂಡತಿಗೆ ಆಗ ನೀನು ಪಕ್ಕದಲ್ಲಿರಬೇಕು. ಈ 15 ದಿನವನ್ನು ತಾಯಿ ಮಗು ಮನೆಗೆ ಬರುವ ದಿನಕ್ಕೆ ಎತ್ತಿಟ್ಟುಕೋ ಅಂದೆ. ಅವನು ಮೊಬೈಲ್ ತೆಗೆದು ಹೆರಿಗೆಯ ತಾರೀಖಿನಿಂದ ಆರು ತಿಂಗಳು ಎಣಿಸತೊಡಗಿದ.