ತೋಟದಾಚೆ ಒಂದೂವರೆ ಕಿಲೋಮೀಟರು, ನಾಯಿ ಜೊತೆ

ಶನಿವಾರ ಸಂಜೆ ಆಯಿತೆಂದರೆ ಈ ಫೋನು ಬಂದೇ ಬರುತ್ತದೆ. ಬೆಂಗಳೂರಿನಿಂದ ಹೋಂಸ್ಟೇಗೆ ಬಂದವರು, ಜೊತೆಗೊಂದು ಲ್ಯಾಬ್ರಡಾರೋ ಬೀಗಲ್ಲೋ ಇರುತ್ತದೆ. ‘ಡಾಕ್ಟ್ರೇ, ಬೆಳಿಗ್ಗೆ ಹಿಂದಿನ ಕಾಡಲ್ಲಿ ನಾಯೀನ ಬಿಡಬಹುದಾ? ಪಾಪ, ವರ್ಷವಿಡೀ ಫ್ಲಾಟಲ್ಲೇ ಇರುತ್ತೆ.’ ಕರ್ಕೊಂಡು ಹೋಗಿ, ಆದರೆ ಬಿಡಬೇಡಿ ಅನ್ನುತ್ತೇನೆ. ಅರ್ಧ ಜನರಿಗೆ ಅಲ್ಲೇ ಬೇಜಾರು.

ಸಾಗರದ ಕಡೆ ನಾನು ಪಶುವೈದ್ಯ. ಊರವರ ಬಾಯಲ್ಲಿ ಇನ್ನೂ ‘ದನದ ಡಾಕ್ಟ್ರು’. ಆದರೆ ಈಗ ದನಕ್ಕಿಂತ ನಾಯಿಗಳೇ ಜಾಸ್ತಿ ಬರುತ್ತವೆ.

ನಡೆಯುವ ಜಾಗ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳಷ್ಟು ಮನೆಗಳ ಹಿಂದೆ ಅಡಿಕೆ ತೋಟ, ತೋಟದಾಚೆ ಹಳ್ಳ, ಹಳ್ಳಕ್ಕೊಂದು ಸಂಕ (ಮರದ ಕಾಲುಸೇತುವೆ), ಸಂಕ ದಾಟಿದರೆ ಸೊಪ್ಪಿನಬೆಟ್ಟ. ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದುಕೊಳ್ಳಲು ಬಿಟ್ಟ ಕಾಡು ಅದು. ಮತ್ತಿ, ನಂದಿ, ಹೊನ್ನೆ ಮರಗಳು, ಕೆಳಗೆ ತರಗೆಲೆ. ದನ ಓಡಾಡಿ ಸವೆದ ದಾರಿ ಇರುತ್ತದೆ. ಅದರಲ್ಲೇ ಮೇಲೆ ಹತ್ತಿ, ಕೆರೆ ದಂಡೆ ಸುತ್ತಿ, ಗದ್ದೆ ಬದುವಿನ ಮೇಲೆ ವಾಪಸ್ ಬಂದರೆ ಹೆಚ್ಚೆಂದರೆ ಒಂದೂವರೆ ಕಿಲೋಮೀಟರು. ನೀವೊಬ್ಬರೇ ಆದರೆ ಇಪ್ಪತ್ತು ನಿಮಿಷ. ನಾಯಿ ಜೊತೆ ಒಂದು ಗಂಟೆ ಇಟ್ಟುಕೊಳ್ಳಿ, ಯಾಕೆಂದರೆ ಅದು ಬಂದಿರುವುದು ನಡೆಯಲಿಕ್ಕಲ್ಲ, ಮೂಸಲಿಕ್ಕೆ. ರಾತ್ರಿ ಯಾರು ದಾಟಿದರು, ಹಂದಿ ಎಲ್ಲಿ ಮಣ್ಣು ಕೆದರಿತು, ಮೊಲ ಎಲ್ಲಿ ಕೂತಿತ್ತು ಅಂತ ಒಂದೊಂದೇ ಪೊದೆಗೆ ಮೂಗು ಹಾಕಿ ನೋಡುತ್ತದೆ. ಎಳೆಯಬೇಡಿ. ಹತ್ತು ನಿಮಿಷ ಒಂದೇ ಹುತ್ತದ ಹತ್ತಿರ ನಿಂತರೆ ನಿಲ್ಲಲಿ (ಹುತ್ತದ ಬಾಯಿಗೆ ಮೂಗು ತೂರಿಸಲು ಮಾತ್ರ ಬಿಡಬೇಡಿ, ಒಳಗೆ ನಾಗರಹಾವು ಇದ್ದೀತು). ಓಡಿ ದಣಿಯುವಷ್ಟೇ ನಾಯಿ ಮೂಸಿಯೂ ದಣಿಯುತ್ತದೆ, ಮನೆಗೆ ಬಂದು ಹಾಯಾಗಿ ಮಲಗುತ್ತದೆ.

ಇದಕ್ಕೆ ಐದು ಮೀಟರಿನ ಹಗ್ಗ ಸಾಕು. ಪೇಟೆಯ ಗಿಡ್ಡ ಚೈನು ಬೇಡ. ಕುತ್ತಿಗೆ ಬೆಲ್ಟಿಗೆ ಕಟ್ಟುವುದಕ್ಕಿಂತ ಎದೆಗೆ ಹಾಕುವ ಪಟ್ಟಿಗೆ ಕಟ್ಟಿ.

ಬಿಡಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನನ್ನ ಮೇಜಿನ ಮೇಲೆ ಬರುವ ಕೆಟ್ಟ ಗಾಯಗಳೆಲ್ಲ ದಾರಿ ಬಿಟ್ಟು ಹತ್ತಿಪ್ಪತ್ತು ಹೆಜ್ಜೆ ಒಳಗೆ ಆದವು. ಕಾಡುಹಂದಿಗೆ ಅಂತ ಬೇಲಿ ಸಂದಿಯಲ್ಲಿ ಉರುಳು ಹಾಕಿರುತ್ತಾರೆ, ಬಹಳ ಸಲ ಬೈಕಿನ ಕ್ಲಚ್ ವಯರು. ಕಾನೂನಿಗೆ ವಿರುದ್ಧ, ಆದರೂ ಹಾಕುತ್ತಾರೆ. ನಾಯಿ ನುಗ್ಗಿದರೆ ಸೊಂಟಕ್ಕೆ ಬೀಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಒಮ್ಮೆ ಒಂದು ನಾಯಿ ವಯರು ಕಿತ್ತುಕೊಂಡೇ ಮನೆಗೆ ಬಂತು. ಕೂದಲು ದಟ್ಟ ಇದ್ದಿದ್ದರಿಂದ ಮನೆಯವರಿಗೆ ಗೊತ್ತಾಗಲಿಲ್ಲ, ಊಟ ಬಿಟ್ಟಿದೆ ಅಂತ ಆರನೇ ದಿನ ತಂದರು. ವಯರು ಚರ್ಮದೊಳಗೆ ಹೂತುಹೋಗಿತ್ತು. ಅದು ಉಳಿಯಿತು.

ಸಿಡಿಮದ್ದು ಕಚ್ಚಿದ ನಾಯಿಗಳು ಉಳಿಯುವುದು ಕಮ್ಮಿ. ಹಂದಿ ಕಚ್ಚಲಿ ಅಂತ ತಿನ್ನುವ ಪದಾರ್ಥದಲ್ಲಿ ಸುತ್ತಿ ಇಡುವ ಉಂಡೆ ಅದು. ನಾಯಿಗೆ ವಾಸನೆ ಬರದೇ ಇರುತ್ತದೆಯೇ? ಕೆಳದವಡೆ ಹೋದ ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಬಂದವರಿಗೆ ಏನು ಹೇಳುವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಚಿರತೆ ವಿಷಯ ಎಲ್ಲರಿಗೂ ಗೊತ್ತು, ನಾಯಿ ಅಂದರೆ ಅದಕ್ಕೆ ಸಲೀಸಾದ ಬೇಟೆ. ಹಾಗಾಗಿ ಬಿಸಿಲು ಬಿದ್ದ ಮೇಲೆ ಹೊರಡಿ, ಸಂಜೆ ಐದರೊಳಗೆ ಮನೆ ಸೇರಿ. ಜನ ಯೋಚಿಸದೇ ಇರುವುದು ಕಾಟಿಯ, ಅಂದರೆ ಕಾಡುಕೋಣದ ಬಗ್ಗೆ. ಬಿಟ್ಟ ನಾಯಿ ಮುಂದೆ ಹೋಗಿ ಬೊಗಳಿ ಕೆಣಕುತ್ತದೆ, ಕಾಟಿ ತಿರುಗಿದರೆ ಓಡಿ ಬರುವುದು ಸೀದಾ ನಿಮ್ಮ ಕಾಲಬುಡಕ್ಕೆ. ಸಕಲೇಶಪುರ, ಕೊಡಗಿನ ಕಡೆಯಾದರೆ ಹಿಂದೆ ಬರುವುದು ಆನೆಯೂ ಆಗಬಹುದು.

ಇನ್ನು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದು, ಆ ಕಾಡಿನ ಹೆಸರೇ ಕಾಯಿಲೆಗೆ ಅಂಟಿತು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಅದನ್ನು ಹರಡುವ ಉಣುಗಿನ ಮರಿಗಳು ಡಿಸೆಂಬರಿನಿಂದ ಮೇವರೆಗೆ ತರಗೆಲೆಯಲ್ಲಿ ತುಂಬಿರುತ್ತವೆ, ಸಾಸಿವೆಗಿಂತ ಸಣ್ಣವು. ಕಾಡಿಗೆ ಹೋದ ನಾಯಿಯ ಮೈಮೇಲೆ ಅವು ಮನೆಗೂ ಬರಬಹುದು. ಆ ತಿಂಗಳುಗಳಲ್ಲಿ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಈ ನಡಿಗೆಯೇ ಬೇಡ, ಗದ್ದೆ ಬದುವಿನಲ್ಲಿ ಸುತ್ತಿ ಬನ್ನಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ನಾಯಿಗೇ ಬರುವ ಉಣುಗು ಜ್ವರ ಬೇರೆ, ಅದು ಸಾಮಾನ್ಯವಾಗಿ ಮನೆ ಸುತ್ತಲಿನ ಕಂದು ಉಣುಗಿನಿಂದ ಬರುವುದು. ಕಚ್ಚಿ ಒಂದರಿಂದ ಮೂರು ವಾರಕ್ಕೆ ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ವಸಡು ಬಿಳಿಚುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ. ‘ಎರಡು ವಾರದ ಹಿಂದೆ ಮಲೆನಾಡಿಗೆ ಹೋಗಿದ್ವಿ’ ಅಂತ ನಿಮ್ಮ ಊರಿನ ಡಾಕ್ಟರಿಗೆ ಮರೆಯದೆ ಹೇಳಿ, ಅವರ ಅರ್ಧ ಕೆಲಸ ಮುಗಿಯುತ್ತದೆ.

ಮೂಗಿನ ರಕ್ತಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದ ಉಂಬಳ (ನೆಲದ ಜಿಗಣೆ) ನೋಡಿದರೆ ಮೈ ಜುಂ ಅನ್ನುತ್ತದೆ ಅಷ್ಟೇ, ಕುಡಿದು ಬಿದ್ದುಹೋಗುತ್ತದೆ. ತೊಂದರೆ ಕೊಡುವುದು ನೀರಿನ ಜಿಗಣೆ. ನಾಯಿ ಹಳ್ಳಕ್ಕೆ ಬಾಯಿ ಹಾಕಿದಾಗ ಮೂಗಿನೊಳಗೆ ಹೊಕ್ಕು ಅಲ್ಲೇ ವಾರಗಟ್ಟಲೆ ಬೆಳೆಯುತ್ತದೆ. ಒಂದೇ ಹೊಳ್ಳೆಯಿಂದ ರಕ್ತ, ಸೀನು, ತಲೆ ಕೊಡವುವುದು. ನಾವು ಮಾಡುವುದು ಹಳೇ ಉಪಾಯ. ನಾಯಿಗೆ ಕೆಲವು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಬೋಗುಣಿ ತುಂಬ ನೀರು ಮೂಗಿನ ಹತ್ತಿರ ಹಿಡಿಯುವುದು. ಜಿಗಣೆ ನೀರಿಗೆ ಇಣುಕುತ್ತದೆ, ಚಿಮಟದಲ್ಲಿ ಹಿಡಿದು ಎಳೆಯಬೇಕು. ಒಮ್ಮೆ ಜಾರಿದರೆ ಮತ್ತೆ ಕಾಯುವುದೇ. ಮನೆಯಿಂದ ಒಂದು ಬಾಟಲಿ ನೀರು ಒಯ್ದರೆ ಇಷ್ಟೆಲ್ಲ ಇಲ್ಲ, ನಿಂತ ನೀರಿನ ಇಲಿಜ್ವರದ ಭಯವೂ ಕಮ್ಮಿ. ಇಲಿಜ್ವರ, ಹುಚ್ಚುನಾಯಿ ರೋಗ, ಡಿಸ್ಟೆಂಪರ್ ಲಸಿಕೆ ಆಗಿರಲೇಬೇಕು. ಡಿಸ್ಟೆಂಪರ್ ನಾಯಿಯಲ್ಲೇ ನಿಲ್ಲುವುದಿಲ್ಲ, 2018ರಲ್ಲಿ ಗಿರ್‌ನ ಸಿಂಹಗಳು ಸತ್ತಾಗ ಸಿಕ್ಕಿದ್ದು ಅದೇ ವೈರಸ್ಸು. ಕುದುರೆಮುಖ, ನಾಗರಹೊಳೆಯಂಥ ಕಡೆಗೆ ನಾಯಿ ಒಯ್ಯುವ ಆಸೆ ಬಿಡಿ.

ವಾಪಸ್ ಬಂದ ಕೂಡಲೇ ಒಳಗೆ ಬಿಟ್ಟುಕೊಳ್ಳಬೇಡಿ. ಜಗಲಿ ಮೇಲೆ ಬೆಳಕಿರುವ ಕಡೆ ಕೂರಿಸಿ ಕಿವಿ ಒಳಗೆ, ಕಂಕುಳು, ಬೆರಳ ಸಂದು, ಬೆಲ್ಟಿನ ಅಡಿ ನೋಡಿ. ಉಣುಗು ಸಿಕ್ಕರೆ ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಉಗುರಲ್ಲಿ ಕುಟ್ಟಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಆಮೇಲೆ ನಿಮ್ಮ ಮೊಣಕಾಲ ಹಿಂದೆಯೂ ನೋಡಿಕೊಳ್ಳಿ. ನಮ್ಮ ಮನೆಯ ಕರಿಯನಿಗೆ ಇದು ಎಷ್ಟು ರೂಢಿಯಾಗಿದೆ ಅಂದರೆ, ಸಂಕ ದಾಟಿ ಬಂದವನೇ ಜಗಲಿ ಹತ್ತಿ ಮಕಾಡೆ ಬಿದ್ದುಕೊಳ್ಳುತ್ತಾನೆ. ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ಗೊರಕೆ.