ಊರಿಗೆ ಮರಳುವ ನೋವಿನ ಚರಿತ್ರೆ

ಬಾಲ್ಯ ಕಳೆದ ಊರಿಗೆ ಎಷ್ಟೋ ವರ್ಷಗಳ ಮೇಲೆ ಹೋದವರ ಬಾಯಲ್ಲಿ ಬರುವ ಮಾತು ಎರಡೇ: ‘ಎಲ್ಲ ಬದಲಾಗಿಹೋಗಿದೆ’, ‘ಇದು ಇಷ್ಟು ಚಿಕ್ಕದಾಗಿತ್ತೇ?’ ಕೇಳಿದವರು ಹಳಹಳಿಕೆ ಎಂದು ಸುಮ್ಮನಾಗುತ್ತಾರೆ. ಆದರೆ ಊರಿನ ಈ ಹಂಬಲವನ್ನು ಒಂದು ಕಾಲದಲ್ಲಿ ವೈದ್ಯರು ಕಾಯಿಲೆಯೆಂದೇ ಪರಿಗಣಿಸಿದ್ದರು.

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ಯುವಕ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಅದಕ್ಕೆ ಹೆಸರಿಟ್ಟ. ಗ್ರೀಕಿನ ‘ನೊಸ್ಟೊಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗೊಸ್’ ಎಂದರೆ ನೋವು. ಎರಡೂ ಕೂಡಿ ‘ನಾಸ್ಟಾಲ್ಜಿಯಾ’. ಅವನು ಬರೆದಿಟ್ಟ ಒಂದು ಪ್ರಕರಣ ಮನಸ್ಸಿಗೆ ನಾಟುವಂಥದ್ದು. ಬರ್ನ್‌ನಿಂದ ಓದಲು ಬಂದ ವಿದ್ಯಾರ್ಥಿಯೊಬ್ಬ ಕೊರಗಿ ಕೊರಗಿ ಹಾಸಿಗೆ ಹಿಡಿದ. ಅವನು ಬದುಕಿ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಕೊನೆಗೆ ಊರಿಗೆ ಕಳುಹಿಸಲು ನಿರ್ಧರಿಸಿದರು. ಬಾಸೆಲ್‌ನಿಂದ ಕೆಲವೇ ಮೈಲಿ ಸಾಗುವಷ್ಟರಲ್ಲಿ ಉಸಿರಾಟ ಹಗುರಾಯಿತು. ಬರ್ನ್ ತಲುಪುವ ಮೊದಲೇ ಹುಡುಗ ಚೇತರಿಸಿಕೊಂಡಿದ್ದ. ಊರಿನ ಮುಖ ಕಾಣುವ ಮುನ್ನವೇ!

ಮುಂದೆ ಈ ಕಾಯಿಲೆಗೆ ನಾನಾ ಕಾರಣ ಹುಡುಕಿದರು. ಬೆಟ್ಟದ ಮೇಲೆ ಬೆಳೆದವರ ದೇಹ ತಗ್ಗುನಾಡಿನ ಗಾಳಿಯ ಒತ್ತಡ ತಾಳುವುದಿಲ್ಲ ಎಂದವರೂ ಇದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪಡೆಯ ವೈದ್ಯರು ಇಂಥ ಐದು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ದಾಖಲಿಸಿದರು; ಕೆಲವರ ಸಾವಿಗೆ ಇದೇ ಕಾರಣವೆಂದೂ ಬರೆದರು.

ಮರಳಿ ಹೋದವರ ನಿರಾಸೆಯನ್ನು ನೇರವಾಗಿ ಹಿಡಿದವನು ತತ್ವಜ್ಞಾನಿ ಕಾಂಟ್. ಊರಿಗೆ ಹೋದವರು ಅಲ್ಲಿ ಎಲ್ಲ ಬದಲಾಗಿದೆ ಎಂದುಕೊಳ್ಳುತ್ತಾರೆ, ನಿಜಕ್ಕೂ ಅವರಿಗೆ ಮರಳಿ ತರಲಾಗದ್ದು ತಮ್ಮ ಎಳೆಯ ವಯಸ್ಸನ್ನು ಎಂದು ಅವನು 1798ರಲ್ಲಿ ಬರೆದ.

‘ಚಿಕ್ಕದಾಗಿದೆ’ ಎಂಬ ಮಾತಿಗಂತೂ ಇದು ಚೆನ್ನಾಗಿ ಒಪ್ಪುತ್ತದೆ. 2011ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಯೋಗವೊಂದನ್ನು ಪ್ರಕಟಿಸಿದರು. ಮಲಗಿದವರ ಕಣ್ಣಿಗೆ ವಿಡಿಯೊ ತೋರಿಸುವ ಪುಟ್ಟ ಪರದೆ ಕಟ್ಟಿ, ಅವರ ಮೈ ಇರಬೇಕಾದಲ್ಲಿ ಗೊಂಬೆಯ ಮೈ ಕಾಣುವಂತೆ ಮಾಡಿದರು. ಅವರ ಕಾಲನ್ನೂ ಗೊಂಬೆಯ ಕಾಲನ್ನೂ ಏಕಕಾಲಕ್ಕೆ ಸವರಿದಾಗ, ಆ ಪುಟ್ಟ ಮೈ ತಮ್ಮದೇ ಅನ್ನಿಸತೊಡಗಿತು. ಆಗ ಎದುರಿನ ವಸ್ತುಗಳು ದೊಡ್ಡದಾಗಿ, ದೂರವಾಗಿ ತೋರಿದವು. ಜಗತ್ತನ್ನು ನಾವು ಅಳೆಯುವ ಗಜಕಡ್ಡಿ ನಮ್ಮ ಮೈಯೇ. ಅಂದು ಎದೆಯೆತ್ತರವಿದ್ದ ಕಟ್ಟೆ ಇಂದು ಮೊಣಕಾಲಿಗೆ ಬಂದರೆ, ನೆನಪು ಸುಳ್ಳು ಹೇಳಿತೆಂದಲ್ಲ; ಅಳತೆ ಅಂದಿನದು.

ಆದರೂ ಕಾಂಟ್ ಹೇಳಿದ್ದು ಅರ್ಧ ಸತ್ಯವೆಂದೇ ನನ್ನ ನಂಬಿಕೆ. ಊರುಗಳು ನಿಜವಾಗಿಯೂ ಬದಲಾಗುತ್ತವೆ, ಈಗಂತೂ ಒಂದೇ ಆಯುಷ್ಯದೊಳಗೆ ಗುರುತು ಸಿಗದಷ್ಟು. ವಿಶ್ವಸಂಸ್ಥೆಯ ಲೆಕ್ಕದಂತೆ 2007ರ ಹೊತ್ತಿಗೆ ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾದರು. ಹಾಗಿರುವಾಗ ಬಾಲ್ಯದ ಕೆರೆ ಕಾಣದೆ ನಿಂತವನಿಗೆ ‘ನಿನಗೆ ವಯಸ್ಸಾಯಿತಷ್ಟೇ’ ಎನ್ನುವುದು ಅನ್ಯಾಯ.

ಆಸ್ಟ್ರೇಲಿಯಾದ ತತ್ವಜ್ಞಾನಿ ಗ್ಲೆನ್ ಆಲ್ಬ್ರೆಕ್ಟ್ ಈ ಶತಮಾನದ ಆರಂಭದಲ್ಲಿ ‘ಸೊಲಾಸ್ಟಾಲ್ಜಿಯಾ’ ಎಂಬ ಪದ ಕಟ್ಟಿದ್ದು ಇಂಥ ಸಂಕಟಕ್ಕೇ. ಅಲ್ಲಿನ ಹಂಟರ್ ಕಣಿವೆಯ ಜನ ತಮ್ಮ ಮನೆಗಳಲ್ಲೇ ಇದ್ದರು. ಸುತ್ತಲಿನ ನೆಲ ತೆರೆದ ಕಲ್ಲಿದ್ದಲು ಗಣಿಯಾಗುತ್ತಿತ್ತು. ಬರ್ನ್‌ನ ಹುಡುಗನಿಗೆ ಹಿಂದಿರುಗಲು ಒಂದು ದಾರಿಯಾದರೂ ಇತ್ತು. ಇವರು ಊರು ಬಿಟ್ಟೇ ಇರಲಿಲ್ಲ.