ಬಿಳಿ ಅಂಗಿಯ ನೆರಿಗೆ ಉಳಿಯಬೇಕಾದರೆ

ಹೊಸದಾಗಿ ಕ್ಯಾಮೆರಾ ಹಿಡಿದವರು ತಿದ್ದಿಕೊಡಿ ಎಂದು ನನಗೆ ತೋರಿಸುವ ಚಿತ್ರಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಕಿಟಕಿಯ ಪಕ್ಕ ಕುಳಿತ ವ್ಯಕ್ತಿಯ ಕಣ್ಣು, ಕೂದಲು, ಹಿಂದಿನ ಗೋಡೆ ಎಲ್ಲವೂ ಚೆನ್ನಾಗಿ ಮೂಡಿರುತ್ತವೆ. ಆದರೆ ಬೆಳಕು ನೇರವಾಗಿ ಬಿದ್ದ ಕೆನ್ನೆ ಮತ್ತು ಬಿಳಿ ಅಂಗಿಯ ತೋಳು ಬರೆಯದ ಹಾಳೆಯಂತೆ ಖಾಲಿಯಾಗಿರುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸಲಾಗದು. ಸೆನ್ಸರ್‌ನ ಪ್ರತಿಯೊಂದು ಬಿಂದುವೂ ಬೆಳಕನ್ನು ತುಂಬಿಕೊಳ್ಳುವ ಪುಟ್ಟ ಬಟ್ಟಲಿದ್ದಂತೆ; ಅದು ತುಂಬಿದ ಮೇಲೆ ಹೊರಚೆಲ್ಲಿದ್ದೆಷ್ಟು ಎಂಬ ಲೆಕ್ಕ ಎಲ್ಲಿಯೂ ಉಳಿಯುವುದಿಲ್ಲ. ನೆರಿಗೆಗಳು ದಾಖಲಾಗಿಯೇ ಇಲ್ಲದಿರುವಾಗ ಯಾವ ಸ್ಲೈಡರ್ ಎಳೆದರೂ ಬಿಳಿ ಬೂದುಬಣ್ಣಕ್ಕೆ ತಿರುಗೀತೇ ಹೊರತು ನೆರಿಗೆ ಮರಳಿ ಬಾರದು.

ಈ ದೋಷಕ್ಕೆ ಮೂಲ ಕ್ಯಾಮೆರಾದ ಮೀಟರ್ ಬೆಳಕನ್ನು ಅಳೆಯುವ ರೀತಿಯಲ್ಲಿದೆ. ತನ್ನೆದುರಿನ ದೃಶ್ಯದ ಸರಾಸರಿಯು ಮಧ್ಯಮ ಬೂದು, ಅಂದರೆ ಬಿದ್ದ ಬೆಳಕಿನ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ, ಎಂದು ಭಾವಿಸಿಯೇ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ಬಹುಪಾಲು ಕತ್ತಲ ಕೋಣೆಯೇ ಆಗಿದ್ದರೆ, ಆ ಕತ್ತಲನ್ನು ಬೂದು ಮಾಡಲು ಮೀಟರ್ ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಅದರ ಬೆಲೆಯನ್ನು ಬಿಳಿ ಅಂಗಿ ತೆರುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದರೆ ಇದೇ ಲೆಕ್ಕ ತಿರುವುಮುರುವಾಗಿ, ಹಿಮ ಮಂಕಾಗಿ ಕಾಣುತ್ತದೆ. ಆದ್ದರಿಂದ ಮೀಟರ್ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಗುಂಡಿಯನ್ನು ಮೊದಲ ವಾರದಲ್ಲೇ ಕಲಿಯಬೇಕೆಂದು ನಾನು ಒತ್ತಾಯಿಸುತ್ತೇನೆ: ಬಿಳಿಯೇ ಹೆಚ್ಚಿರುವ ದೃಶ್ಯಕ್ಕೆ +1 (ಬೆಳಕು ಇಮ್ಮಡಿ), ಕಪ್ಪೇ ಹೆಚ್ಚಿರುವ ದೃಶ್ಯಕ್ಕೆ −1 (ಬೆಳಕು ಅರ್ಧ) ಇಟ್ಟು ನೋಡಿ, ಅಲ್ಲಿಂದ ಮುಂದೆ ಹೊಂದಿಸಿಕೊಳ್ಳಬೇಕು. ಮೊದಲಿಗೆ ಇದು ತಲೆಕೆಳಗಾದ ನಿಯಮದಂತೆ ತೋರುತ್ತದೆ. ಮೀಟರ್‌ನ ಸ್ವಭಾವ ತಿಳಿದಿದ್ದರೆ ಮಾತ್ರ ಅರ್ಥವಾಗುತ್ತದೆ. ಕ್ಲಿಕ್ಕಿಸಿದ ಕೂಡಲೇ, ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಯಾವ ಹೊಳಪು ಎಷ್ಟಿದೆಯೆಂದು ತೋರಿಸುವ ಹಿಸ್ಟೋಗ್ರಾಂ ನೋಡುವುದು ಒಳ್ಳೆಯದು. ಗುಡ್ಡದಂಥ ಆ ರೇಖೆ ಬಲಗಡೆಯ ಅಂಚಿಗೆ ಒತ್ತಿಕೊಂಡು ನಿಂತಿದ್ದರೆ ಎಲ್ಲೋ ಬಟ್ಟಲು ತುಂಬಿ ಚೆಲ್ಲಿದೆ ಎಂದು ತಿಳಿಯಬೇಕು.

ನೆರಳಿನ ವಿಷಯ ಹೀಗಲ್ಲ. ಕತ್ತಲಲ್ಲಿ ಅಡಗಿದ ವಿವರವನ್ನು ಸ್ವಲ್ಪ ಮಟ್ಟಿಗೆ ಮೇಲೆತ್ತಬಹುದು, ಆದರೆ ಜೊತೆಯಲ್ಲಿ ನಾಯ್ಸ್‌ನ ಬಣ್ಣಬಣ್ಣದ ಕಾಳುಗಳೂ ಮೇಲೇಳುತ್ತವೆ. ಎಷ್ಟು ಎತ್ತಬಹುದೆಂಬುದು ಕಡತದ ಸ್ವರೂಪವನ್ನೂ ಅವಲಂಬಿಸಿದೆ: 8 ಬಿಟ್‌ನ ಜೆಪೆಗ್ ಪ್ರತಿ ವರ್ಣಕ್ಕೆ ಹೊಳಪಿನ 256 ಹಂತಗಳನ್ನಷ್ಟೇ ಇಟ್ಟುಕೊಂಡರೆ, ಸೆನ್ಸರ್ ದಾಖಲಿಸಿದ್ದನ್ನು ಹೆಚ್ಚು ಬದಲಿಸದೆ ಉಳಿಸುವ 14 ಬಿಟ್‌ನ ರಾ ಕಡತ 16,384 ಹಂತಗಳನ್ನು ಇಟ್ಟುಕೊಳ್ಳುತ್ತದೆ. ಎಡಿಟಿಂಗ್ ಕಲಿಯುವ ಮನಸ್ಸಿದ್ದವರು, ಕಡತ ದೊಡ್ಡದಾದರೂ ಸರಿ, ರಾ ಸ್ವರೂಪದಲ್ಲೇ ತೆಗೆಯಲಿ.

ಅಪರ್ಚರ್ (ಲೆನ್ಸ್‌ನ ತೆರಪಿನ ಗಾತ್ರ), ಶಟರ್ (ಬೆಳಕು ಒಳಬರುವ ಸಮಯ), ಐಎಸ್ಒ (ಬಂದ ಬೆಳಕನ್ನು ಎಷ್ಟು ಹೊಳಪಾಗಿ ತೋರಿಸಬೇಕೆಂಬ ಅಳತೆ) ಈ ಮೂರರ ಲೆಕ್ಕ ಹೆದರಿಸುವಷ್ಟು ಕಷ್ಟದ್ದಲ್ಲ. ಅಪರ್ಚರ್ ಎಫ್ 4ರಿಂದ ಎಫ್ 5.6ಕ್ಕೆ ಹೋದರೂ, ಶಟರ್ ಸೆಕೆಂಡಿನ 1/125ರಿಂದ 1/250ಕ್ಕೆ ಹೋದರೂ ಬೆಳಕು ಅರ್ಧವಾಗುತ್ತದೆ. ಐಎಸ್ಒ 400ರಿಂದ 800ಕ್ಕೆ ಏರಿಸಿದರೆ ಚಿತ್ರದ ಹೊಳಪು ಮತ್ತೆ ಮೊದಲಿನಷ್ಟಾಗುತ್ತದೆ. ನಾಯ್ಸ್‌ಗೆ ಹೆದರಿ ಐಎಸ್ಒ ಏರಿಸಲು ಹಿಂಜರಿದು ಶಟರ್ ನಿಧಾನ ಮಾಡುವವರು ಬಹಳ. ಇದು ತಪ್ಪು ಆಯ್ಕೆಯೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕಾಳುಕಾಳಾದ ಚಿತ್ರವನ್ನು ನೋಡಬಹುದು, ಕೈ ನಡುಗಿ ಕಲಸಿಹೋದ ಚಿತ್ರವನ್ನು ನೋಡಲಾಗದು.

ಎಡಿಟಿಂಗ್‌ಗೆ ಕುಳಿತಾಗ, ಬೆಳಕಿನ ಬಣ್ಣದ ಛಾಯೆಯನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನಿಂದ ಆರಂಭಿಸಿ ಎಕ್ಸ್‌ಪೋಷರ್, ಕಾಂಟ್ರಾಸ್ಟ್‌ಗಳನ್ನು ಮುಗಿಸಿ, ಬಣ್ಣದ ತೀವ್ರತೆಯನ್ನು ಕೊನೆಗೆ ಮುಟ್ಟುವುದು ನನ್ನ ಕ್ರಮ. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಹಗಲಿನ ಬೆಳಕು ಸುಮಾರು 5,500 ಕೆಲ್ವಿನ್, ಹಳದಿ ಬಲ್ಬಿನದು 3,000ದ ಆಸುಪಾಸು. ಎರಡೂ ಒಂದೇ ಮುಖದ ಮೇಲೆ ಬಿದ್ದಿದ್ದರೆ ಚಿತ್ರವಿಡೀ ಒಂದೇ ಸಮ ಬದಲಾಗುವ ಸ್ಲೈಡರ್‌ನಿಂದ ಎರಡನ್ನೂ ಸರಿಮಾಡಲಾಗದು. ಒಂದು ಕೆನ್ನೆ ಸರಿಹೋದರೆ ಇನ್ನೊಂದು ನೀಲಿಯೋ ಕಿತ್ತಳೆಯೋ ಆಗುತ್ತದೆ. ಕ್ಲಿಕ್ಕಿಸುವ ಮೊದಲು ಎದ್ದು ಬಲ್ಬ್ ಆರಿಸಿದ್ದರೆ ಈ ಅರ್ಧ ಗಂಟೆಯ ಹೆಣಗಾಟ ಇರುತ್ತಿರಲಿಲ್ಲ. ಒಂದೇ ಕ್ಲಿಕ್ಕಿನಲ್ಲಿ ಹಲವು ಬದಲಾವಣೆ ಮಾಡುವ, ಬೇರೆಯವರು ಸಿದ್ಧಪಡಿಸಿದ ಪ್ರಿಸೆಟ್‌ಗಳನ್ನು ಕಲಿಕೆಯ ಮೊದಲ ತಿಂಗಳುಗಳಲ್ಲಿ ಬಳಸಬಾರದೆಂದೇ ಹೇಳುತ್ತೇನೆ. ಅವು ಫಲಿತಾಂಶವನ್ನು ಕೊಡುತ್ತವೆ, ಆದರೆ ಯಾವ ಬದಲಾವಣೆಯಿಂದ ಏನಾಯಿತೆಂಬುದನ್ನು ಮರೆಮಾಡುತ್ತವೆ.

ಈ ವಾರವೇ ಮಾಡಬಹುದಾದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಗಾಢ ಬಣ್ಣದ ಮೇಜಿನ ಮೇಲೆ, ಕಿಟಕಿಯ ಬೆಳಕಿನಲ್ಲಿ, ಒಂದು ಬಿಳಿ ಲೋಟವಿಟ್ಟು, ಕ್ಯಾಮೆರಾವನ್ನು ಕದಲಿಸದೆ −2, −1, 0, +1, +2 ಹೀಗೆ ಐದು ಚಿತ್ರ ತೆಗೆಯಿರಿ. ಬಳಿಕ ಐದೂ ಒಂದೇ ಹೊಳಪಿನಲ್ಲಿ ಕಾಣುವಂತೆ ಎಡಿಟ್ ಮಾಡಿ, ಶೇ 100ರಷ್ಟು ಹಿಗ್ಗಿಸಿ ಅಕ್ಕಪಕ್ಕ ಇಟ್ಟು ನೋಡಿ. ಯಾವ ಚಿತ್ರದಲ್ಲಿ ಲೋಟದ ದುಂಡು ಅಳಿದುಹೋಗಿದೆ, ಯಾವುದರಲ್ಲಿ ಮೇಜಿನ ನೆರಳು ಕಾಳುಕಾಳಾಗಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಕ್ಯಾಮೆರಾ ಎಷ್ಟು ಬೆಳಕನ್ನು ತಾಳಬಲ್ಲದೆಂಬ ಅಳತೆ ಆ ಟಿಪ್ಪಣಿಯಲ್ಲಿರುತ್ತದೆ.